ತಿಪ್ಪೆಯಲ್ಲಿ ಸಿಕ್ಕ ದಾದಿ

ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದ ಬೆಹ್ನೆಸಾದಲ್ಲಿ ಒಂದು ಕಾಲಕ್ಕೆ ಆಕ್ಸಿರಿಂಕಸ್ ಎಂಬ ಗ್ರೀಕ್ ಪಟ್ಟಣವಿತ್ತು. ಅದರ ಕಟ್ಟಡಗಳ ಕಲ್ಲುಗಳನ್ನು ಜನ ಎಂದೋ ಹೊತ್ತೊಯ್ದಿದ್ದರು. ಯಾರಿಗೂ ಬೇಡವಾಗಿ ಉಳಿದದ್ದು ಊರಾಚೆಯ ತಿಪ್ಪೆಗುಡ್ಡಗಳು ಮಾತ್ರ. 1896ರ ಕೊನೆಗೆ ಆಕ್ಸ್‌ಫರ್ಡ್‌ನಿಂದ ಬರ್ನಾರ್ಡ್ ಗ್ರೆನ್‌ಫೆಲ್, ಆರ್ಥರ್ ಹಂಟ್ ಎಂಬ ಇಬ್ಬರು ಗೆಳೆಯರು ಅಲ್ಲಿಗೆ ಬಂದಿಳಿದರು. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಮೊದಲು ಸ್ಮಶಾನ ಅಗೆಸಿದರು. ವಾರಗಟ್ಟಲೆ ಬೆವರು ಸುರಿಸಿದರೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಬೇರೆ ದಾರಿ ಕಾಣದೆ 1897ರ ಜನವರಿಯಲ್ಲಿ ತಿಪ್ಪೆಗೆ ಕೈಹಾಕಿದರು. ಅಲ್ಲಿಂದ ಪಪೈರಸ್, ಎಂದರೆ ಪ್ರಾಚೀನರ ನಾರಿನ ಹಾಳೆ, ಬುಟ್ಟಿಗಟ್ಟಲೆ ಬರತೊಡಗಿತು.

ಮಳೆ ಕಾಣದ ನೆಲ, ನೈಲ್ ಪ್ರವಾಹ ಮುಟ್ಟದ ಎತ್ತರ. ಹುಲ್ಲು, ಕಡ್ಡಿ ಬೆರೆತ ಸಡಿಲ ಮಣ್ಣಿನ ಪದರವನ್ನು ಕೂಲಿಯಾಳುಗಳು ‘ಅಫ್ಶ್’ ಎನ್ನುತ್ತಿದ್ದರು. ಅದು ಕಂಡರೆ ಪಪೈರಸ್ ಹತ್ತಿರವಿದೆ ಎಂದೇ ಲೆಕ್ಕ. ಆದರೆ ಸಿಕ್ಕದ್ದರಲ್ಲಿ ಹೆಚ್ಚಿನವು ತೆರಿಗೆ ರಸೀದಿ, ಕರಾರು, ಖಾಸಗಿ ಪತ್ರ. ಕಳೆದುಹೋದ ಕಾವ್ಯ, ನಾಟಕಗಳ ಆಸೆ ಮಾತ್ರ ಇಬ್ಬರನ್ನೂ ಬಿಡಲಿಲ್ಲ. ಬೇರೆಡೆ ಅಗೆದು, 1903ರಲ್ಲಿ ಮತ್ತೆ ಅದೇ ತಿಪ್ಪೆಗೆ ಮರಳಿದರು.

1906ರ ಜನವರಿಯಲ್ಲಿ ಭಾಗ್ಯ ಒಮ್ಮೆಲೇ ತೆರೆಯಿತು. ಯಾರೋ ಪುಸ್ತಕಪ್ರೇಮಿಯ ಸಂಗ್ರಹ ಒಟ್ಟಿಗೇ ತಿಪ್ಪೆ ಸೇರಿತ್ತೇನೋ, ಒಂದರ ಹಿಂದೊಂದು ಸಾಹಿತ್ಯದ ಸುರುಳಿಗಳು ಮೇಲೆ ಬಂದವು. ಕವಿ ಪಿಂಡಾರ್ ಸಿಕ್ಕ, ಹೆಸರಿಲ್ಲದ ಇತಿಹಾಸಕಾರನೊಬ್ಬ ಸಿಕ್ಕ. ದುಃಖದ ಸಂಗತಿಯೆಂದರೆ, ಎಸೆಯುವ ಮೊದಲೇ ಅವನ್ನು ಹರಿದು ಹಾಕಿದ್ದರು. ಒಂದು ಸುರುಳಿಯಂತೂ ನೂರಕ್ಕೂ ಹೆಚ್ಚು ಚೂರಾಗಿತ್ತು. ಕೆಲವು ಚೂರುಗಳಲ್ಲಿ ಉಳಿದದ್ದು ನಾಲ್ಕೈದು ಅಕ್ಷರ ಮಾತ್ರ.

ಆಕ್ಸ್‌ಫರ್ಡ್‌ನ ಮೇಜಿನ ಮೇಲೆ ಚೂರುಗಳನ್ನು ಹರಡಿಕೊಂಡು ಇಬ್ಬರೂ ಕೂತರು. ಪ್ರಾಚೀನರು ಅಲ್ಲಿ ಇಲ್ಲಿ ಉದ್ಧರಿಸಿದ್ದ ಸಾಲುಗಳು ಚೂರುಗಳಲ್ಲಿ ಕಂಡಾಗ ಗುರುತು ಹತ್ತಿತು: ಇದು ಗ್ರೀಕ್ ನಾಟಕಕಾರ ಯೂರಿಪಿಡೀಸ್‌ನ ‘ಹಿಪ್ಸಿಪಿಲಿ’. ರೋಮಿನ ಸಿಸೆರೊ ಲ್ಯಾಟಿನ್ನಿಗೆ ತಂದುಕೊಂಡಿದ್ದ ಸಾಂತ್ವನದ ಮಾತೂ ಅದರಲ್ಲಿತ್ತು. ಹೆಸರು ತಿಳಿಯಿತು, ಸರಿ. ಯಾವ ಚೂರು ಎಲ್ಲಿಗೆ ಸೇರಬೇಕು?

ನಾಟಕ ಇದ್ದದ್ದು ಹಳೇ ಲೆಕ್ಕಪತ್ರದ ಬೆನ್ನಿನ ಮೇಲೆ. ಹೊಸ ಹಾಳೆ ಕೊಳ್ಳದೆ ರದ್ದಿಯಲ್ಲೇ ನಾಟಕ ಬರೆದುಕೊಂಡವನ ಆ ಉಳಿತಾಯವೇ ಮುಂದೆ ಕೈಹಿಡಿಯಿತು. ಚೂರನ್ನು ಮಗುಚಿ, ಹಿಂದಿನ ಲೆಕ್ಕದ ಸಾಲು, ಪಪೈರಸ್‌ನ ನಾರು ಹೊಂದುತ್ತವೆಯೇ ಎಂದು ನೋಡಬಹುದಿತ್ತು. ಅಂಚಿನಲ್ಲಿ ಇನ್ನೂ ಒಂದು ಸುಳಿವಿತ್ತು. ಪ್ರತಿ ನೂರನೇ ಸಾಲಿನ ಪಕ್ಕ ನಕಲುಗಾರ ಒಂದು ಅಕ್ಷರ ಇಟ್ಟಿದ್ದ: ಆಲ್ಫಾ ಎಂದರೆ 100, ಬೀಟಾ ಎಂದರೆ 200. ಸಾಲಿನ ಲೆಕ್ಕದಲ್ಲಿ ಕೂಲಿ ಎಣಿಸಲು ಇಟ್ಟ ಆ ಗುರುತೇ ಈಗ ಮೈಲಿಗಲ್ಲಾಯಿತು. ಜರ್ಮನಿಯ ಮಹಾವಿದ್ವಾಂಸ ವಿಲಮೋವಿಟ್ಸ್ ಹರಿದ ಸಾಲುಗಳನ್ನು ಪೂರೈಸಲು ನೆರವಾದ. 1908ರಲ್ಲಿ ನಾಟಕ ಅಚ್ಚಾಯಿತು. ಬಳಿಕ ಗ್ರೆನ್‌ಫೆಲ್ ಕಾಯಿಲೆಬಿದ್ದ. ಕೆಲವು ವರ್ಷ ಹಂಟ್ ಒಬ್ಬನೇ ನೊಗ ಎಳೆದ. ಚೂರುಗಳನ್ನು ಮತ್ತೆ ಮಗುಚಿ, ನಾರು ಹೊಂದಿಸಿ, ಡಬ್ಲ್ಯು. ಇ. ಎಚ್. ಕಾಕ್ಲ್ ಹೊಸ ಆವೃತ್ತಿ ತಂದದ್ದು 1987ರಲ್ಲಿ.

ಇಷ್ಟೆಲ್ಲ ಆದ ಮೇಲೆ ಕಂಡದ್ದು ಒಬ್ಬ ದಾದಿ. ಲೆಮ್ನೋಸ್‌ನ ರಾಣಿಯಾಗಿದ್ದ ಹಿಪ್ಸಿಪಿಲಿ ನೆಮಿಯಾದಲ್ಲಿ ತೊತ್ತಾಗಿ ಪರರ ಕೂಸು ನೋಡಿಕೊಳ್ಳುತ್ತಿದ್ದಳು. ದಾರಿಹೋಕ ಸೇನೆಗೆ ನೀರು ತೋರಿಸಲು ಹೋದಾಗ ಹಾವು ಕೂಸನ್ನು ಕೊಂದಿತು. ತಾಯಿ ದಾದಿಯ ಜೀವ ಕೇಳಿದಳು. ಆ ಸೇನೆಗಾಗಿ ನೀರು ಬೇಡಿದ್ದ ಆಂಫಿಯರಾಸ್‌ನೇ ಸಾಕ್ಷಿ ನುಡಿದು ಉಳಿಸಿದ. ಕೊನೆಗೆ, ತಾಯಿಯನ್ನು ಹುಡುಕಿ ಬಂದಿದ್ದ ಅವಳ ಅವಳಿ ಮಕ್ಕಳು ಅವಳಿಗೆ ಸಿಕ್ಕರು.

ಹಾಸ್ಯ ನಾಟಕಕಾರ ಅರಿಸ್ಟೋಫೇನಿಸ್ ‘ಕಪ್ಪೆಗಳು’ ನಾಟಕದಲ್ಲಿ ಮಡಕೆಚೂರು ಬಡಿಯುವ ಹೆಂಗಸನ್ನು ಕರೆಸಿ ಯೂರಿಪಿಡೀಸ್‌ನನ್ನು ಗೇಲಿ ಮಾಡಿದ್ದ. ಆ ಗೇಲಿಯ ಮೂಲ ದೃಶ್ಯವೂ ಚೂರುಗಳಲ್ಲಿ ಸಿಕ್ಕಿತು: ಅಳುವ ಕೂಸಿನ ಮುಂದೆ ದಾದಿ ಚಿಟಿಕೆತಾಳ ಬಡಿಯುತ್ತ ಹಾಡುತ್ತಿದ್ದಳು.