ಕಳಿಸಿದವರಿಗೆ ವಾಪಸು ಕರೆಸುವ ಹಕ್ಕುಂಟೆ?

1978ರ ನವೆಂಬರ್. ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮತದಾರರ ಮೇಲೆ ಇಡೀ ದೇಶದ ಕಣ್ಣು ನೆಟ್ಟಿತ್ತು. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಅವರಿಗಾಗಿ ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದವರು ಮೂಡಿಗೆರೆ ತಾಲ್ಲೂಕು ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು. ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿತು. ಹಿಂದೆ ಪ್ರಧಾನಿಯಾಗಿದ್ದಾಗ, ಮಾರುತಿ ಕಂಪೆನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿಯ ಆರೋಪ ಅವರ ಮೇಲಿತ್ತು. ಒಂದೇ ವರ್ಷದಲ್ಲಿ ಕ್ಷೇತ್ರ ಇಬ್ಬರು ಸಂಸದರನ್ನು ಕಳೆದುಕೊಂಡಿತು. ಒಬ್ಬರು ತಾವೇ ಹೋದರು, ಇನ್ನೊಬ್ಬರನ್ನು ಸದನ ಕಳಿಸಿತು. ‘ಇವರು ಇರಬೇಕೇ, ಬೇಡವೇ?’ ಎಂದು ಮತದಾರನನ್ನು ಯಾರೂ ಕೇಳಲಿಲ್ಲ.

ಹಾಗೆ ಕೇಳುವ ದೇಶಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಪಾಲರು ಜನರಿಂದಲೇ ಚುನಾಯಿತರು, ನಮ್ಮ ಮುಖ್ಯಮಂತ್ರಿಯಂತೆ ಆಡಳಿತದ ಮುಖ್ಯಸ್ಥರು. ಹಿಂದಿನ ರಾಜ್ಯಪಾಲರ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 12ರಷ್ಟು ಸಹಿ ಸಂಗ್ರಹವಾದರೆ ವಾಪಸಾತಿ ಚುನಾವಣೆ ನಡೆಯಲೇಬೇಕು. ಮತಪತ್ರದಲ್ಲಿ ಎರಡು ಪ್ರಶ್ನೆ: ಇವರನ್ನು ಇಳಿಸಬೇಕೇ? ಇಳಿಸಿದರೆ ಮುಂದೆ ಯಾರು? ಎರಡನೆಯ ಪಟ್ಟಿಯಲ್ಲಿ ಹಾಲಿ ರಾಜ್ಯಪಾಲರ ಹೆಸರಿರುವುದಿಲ್ಲ. 2003ರಲ್ಲಿ ಗ್ರೇ ಡೇವಿಸ್ ಇಳಿದರು. 135 ಅಭ್ಯರ್ಥಿಗಳ ನಡುವೆ ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದರು. 2021ರಲ್ಲಿ ಗ್ಯಾವಿನ್ ನ್ಯೂಸಮ್ ಉಳಿದುಕೊಂಡರು. ಈ ಪದ್ಧತಿಯಲ್ಲೊಂದು ಎಡವಟ್ಟೂ ಇದೆ. ‘ಇರಲಿ’ ಎಂದು ಶೇ 49 ಜನ ಹೇಳಿದರೂ ಹಾಲಿ ರಾಜ್ಯಪಾಲರು ಮನೆಗೆ. ಅದಕ್ಕಿಂತ ಎಷ್ಟೋ ಕಡಿಮೆ ಮತ ಪಡೆದವರು ಅವರ ಕುರ್ಚಿಗೆ!

ಭಾರತದ ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿ. ಸಂವಿಧಾನದ 156ನೇ ವಿಧಿಯಂತೆ ಅವರ ಇಚ್ಛೆ ಇರುವವರೆಗೆ ಅಧಿಕಾರ. ಶಾಸಕ, ಸಂಸದರನ್ನು ವಾಪಸು ಕರೆಸುವ ಕಾನೂನು ನಮ್ಮಲ್ಲಿಲ್ಲ. ಮಧ್ಯಪ್ರದೇಶದ ನಗರಸಭೆಗಳಲ್ಲಿ, ಜನರೇ ನೇರವಾಗಿ ಆರಿಸಿದ ಅಧ್ಯಕ್ಷರ ಬಗ್ಗೆ ಇಂಥ ಮತದಾನ ನಡೆದದ್ದುಂಟು. ‘ಖಾಲಿ ಕುರ್ಚಿ’, ‘ತುಂಬಿದ ಕುರ್ಚಿ’ ಎಂಬ ಎರಡೇ ಚಿಹ್ನೆ, ಓದು ಬಾರದವರಿಗೂ ಅರ್ಥವಾಗುವಂಥದ್ದು. ಕರ್ನಾಟಕದ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಇಳಿಸುವ ಅವಿಶ್ವಾಸ ನಿರ್ಣಯ ಸದಸ್ಯರದು, ಊರವರದಲ್ಲ.

ಇಂದಿರಾ ವಿರುದ್ಧದ ನಿರ್ಣಯವನ್ನು ಮುಂದಿನ ಲೋಕಸಭೆ 1981ರ ಮೇ 7ರಂದು ರದ್ದುಪಡಿಸಿತು. ಅಷ್ಟರಲ್ಲಿ ಅವರು ಮತ್ತೆ ಪ್ರಧಾನಿಯಾಗಿದ್ದರು, ಚಿಕ್ಕಮಗಳೂರಿಗೆ ಬೇರೆ ಸಂಸದರು ಬಂದಿದ್ದರು.