ಅಡಿಗೆಯಾದರೆ ಸಾಲದು, ಬಡಿಸಬೇಕು

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ದಿನವೂ ಮೂಟೆಗಟ್ಟಲೆ ಆಲೂಗಡ್ಡೆ ಬೇಯಿಸಿದವರು ನಾವು. ಇದು ಎಲ್ಲಿಯದೆಂದು ಗಿರಾಕಿಯೊಬ್ಬರ ಮಗು ಕೇಳಿದಾಗ, ‘ನಮ್ಮ ಹಾಸನದ್ದು’ ಎಂದು ಹೆಮ್ಮೆಯಿಂದ ಉತ್ತರಿಸಿದ್ದೆವು. ಅದರ ಮೂಲ ಸಾಗರದಾಚೆಯದೆಂದು ನಮ್ಮ ಕಣ್ಣು ತೆರೆಸಿದ್ದು ಡಾ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’.

ಸ್ವಾಮಿಯವರು (1918–1980) ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಸಂಶೋಧನ ಪ್ರಬಂಧಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ವಿದ್ವಾಂಸರನ್ನು ತಲುಪಿದವು. ಅಷ್ಟಕ್ಕೇ ತೃಪ್ತರಾಗದೆ, ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವಕ್ಕೆ ಹಾಸ್ಯ ಬೆರೆಸಿ ‘ಹಸುರು ಹೊನ್ನು’ ಬರೆದರು. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಶಾಸ್ತ್ರಕ್ಕೆ ಊನವಾಗಲಿಲ್ಲ, ಓದುಗರ ಬಳಗ ಬೆಳೆಯಿತು.

ಎಸ್.ಎಸ್.ಎಲ್.ಸಿ.ಗೇ ಓದು ನಿಂತ ನಮ್ಮಂಥವರಿಗೆ ವಿದ್ವತ್ಪತ್ರಿಕೆಗಳ ಬಾಗಿಲು ತೆರೆಯದು. ಆದುದರಿಂದ ಮುಂಬಯಿಯ ಪ್ರಯೋಗಶಾಲೆಗಳಲ್ಲಿ ದುಡಿಯುವ ಕನ್ನಡಿಗ ಸಂಶೋಧಕರಲ್ಲಿ ನಮ್ಮ ಬಿನ್ನಹವಿಷ್ಟೆ: ಪ್ರಬಂಧ ಅಚ್ಚಾದೊಡನೆ ಕೆಲಸ ಮುಗಿಯಿತೆಂದು ಭಾವಿಸದಿರಿ. ಏನನ್ನು ಹುಡುಕಿದಿರಿ, ಏನು ದೊರಕಿತು, ಯಾವುದು ಇನ್ನೂ ಸಂದೇಹದಲ್ಲಿದೆ ಎಂಬುದನ್ನು ಎರಡು ಅಂಕಣಗಳಷ್ಟು ಕನ್ನಡದಲ್ಲಿ ಬರೆದು ಕಳುಹಿಸಿರಿ. ಅರ್ಥವಾಗದ ಪದವಿದ್ದರೆ ಮೊದಲು ತಕರಾರೆತ್ತುವವರು ನಾವೇ. ಆ ಮಗುವಿನಂತೆ ಕೇಳುವ ಮಕ್ಕಳು ಇಂದೂ ಇದ್ದಾರೆ. ಅವರಿಗೆ ತಪ್ಪು ಉತ್ತರ ದೊರೆಯದಿರಲಿ.