ಕಾಲುವೆಯ ಕೊನೆ ಮತ್ತು ಗಣಕದ ಲೆಕ್ಕ

ಗಣಿತದ ಲೆಕ್ಕ ಮಾಡುವ ತಂತ್ರಾಂಶವೊಂದರ ಹೊಸ ಆವೃತ್ತಿ ಬಿಡುಗಡೆಯಾದರೆ ಅದು ಪತ್ರಿಕೆಯ ಮುಖಪುಟದ ಸುದ್ದಿಯಾಗುವುದಿಲ್ಲ. 2024ರ ಜೂನ್‌ನಲ್ಲಿ ಪೈಥಾನ್ ಭಾಷೆಯ 'ನಮ್‌ಪೈ' ಎಂಬ ಸಂಖ್ಯಾಗಣಿತದ ಸಂಗ್ರಹ ತನ್ನ 2.0 ಆವೃತ್ತಿಯನ್ನು ಹೊರತಂದಿತು. 2006ರಲ್ಲಿ 1.0 ಬಂದ ಮೇಲೆ ಇಷ್ಟು ದೊಡ್ಡ ಬದಲಾವಣೆ ಆದದ್ದು ಅದೇ ಮೊದಲು. 2025ರ ಮಾರ್ಚ್‌ನಲ್ಲಿ 'ಆಕ್ಟೇವ್' ತಂತ್ರಾಂಶದ 10ನೇ ಆವೃತ್ತಿ ಬಂದಿತು. ಫ್ರಾನ್ಸ್ ಮೂಲದ 'ಸೈಲ್ಯಾಬ್' 2023ರಿಂದ ಇಸವಿಯನ್ನೇ ತನ್ನ ಆವೃತ್ತಿಯ ಹೆಸರಾಗಿ ಇಟ್ಟುಕೊಂಡಿದೆ. ವಾಣಿಜ್ಯ ತಂತ್ರಾಂಶವಾದ 'ಮ್ಯಾಟ್‌ಲ್ಯಾಬ್' 2006ರಿಂದ ವರ್ಷಕ್ಕೆ ಎರಡು ಬಾರಿ ಹೊಸ ರೂಪ ತಾಳುತ್ತಿದೆ. ಇವುಗಳಿಂದ ಬೆಂಗಳೂರಿನ ಸಂಶೋಧನಾಲಯಗಳಿಗೆ ಏನು ಲಾಭವೆಂಬುದು ಬಲ್ಲವರಿಗೆ ಗೊತ್ತು. ಯಾದಗಿರಿ, ಶಹಾಪುರ, ಸುರಪುರಗಳಿಗೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಕೇಳಬೇಕಾದ ಕಾರಣಗಳು ಎರಡು. ಒಂದು ತರಗತಿಯಲ್ಲಿದೆ, ಇನ್ನೊಂದು ಕಾಲುವೆಯಲ್ಲಿ.

ಮೊದಲು ತರಗತಿಯ ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೆ ಪ್ರಯೋಗಾಲಯವನ್ನು ಜೋಡಿಸಿತು. ವಕ್ರರೇಖೆಗಳ ಚಿತ್ರಣ, ಅವಕಲ ಸಮೀಕರಣಗಳ ಪರಿಹಾರ, ಗಾಸ್-ಸೈಡಲ್ ವಿಧಾನ, ಐಗನ್ ಮೌಲ್ಯಗಳನ್ನು ಕಂಡುಹಿಡಿಯುವ ರೇಲಿ ವಿಧಾನ ಮುಂತಾದವನ್ನು ವಿದ್ಯಾರ್ಥಿ ಈಗ ಕಪ್ಪುಹಲಗೆಯ ಮೇಲೆ ನೋಡಿದರಷ್ಟೇ ಸಾಲದು, ಗಣಕದ ಮುಂದೆ ಕುಳಿತು ಮಾಡಬೇಕು. ಇದಕ್ಕೆ ಮ್ಯಾಥಮ್ಯಾಟಿಕಾ, ಮ್ಯಾಟ್‌ಲ್ಯಾಬ್, ಪೈಥಾನ್, ಸೈಲ್ಯಾಬ್ ಇವುಗಳಲ್ಲಿ ಯಾವುದನ್ನಾದರೂ ಬಳಸಬಹುದೆಂದು ಪಠ್ಯಕ್ರಮ ಸೂಚಿಸುತ್ತದೆ. ಬೆಲೆ ಕೊಡಬೇಕಾದ ಮೊದಲೆರಡಕ್ಕಿಂತ ಉಚಿತವಾಗಿ ದೊರೆಯುವ ಕೊನೆಯ ಎರಡರತ್ತಲೇ ಸಣ್ಣ ಊರಿನ ಕಾಲೇಜುಗಳು ವಾಲುವುದು ಸಹಜ. ಸುರಪುರದಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜಿದೆ. ಯಾದಗಿರಿ, ಶಹಾಪುರಗಳಿಂದ ಕಲಬುರಗಿಗೋ ರಾಯಚೂರಿಗೋ ಹೋಗಿ ಓದುವ ಮಕ್ಕಳೂ ಬಹಳ. ಇವರಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಗಣಿತ ಕಲಿತವರು.

ಈ ಸುಧಾರಣೆ ಸ್ವಾಗತಾರ್ಹವೇ ಸರಿ. ಆದರೆ ಮುದ್ರಿತ ಕೈಪಿಡಿ ನಿಂತಲ್ಲೇ ನಿಲ್ಲುತ್ತದೆ, ತಂತ್ರಾಂಶ ಮುಂದೆ ಸಾಗುತ್ತದೆ. ಉದಾಹರಣೆಗೆ ವಕ್ರರೇಖೆಯ ಕೆಳಗಿನ ಕ್ಷೇತ್ರಫಲ ಕಾಣುವ ಸಿಂಪ್ಸನ್ ನಿಯಮವನ್ನು ತೆಗೆದುಕೊಳ್ಳಬಹುದು. ಪೈಥಾನಿನ 'ಸೈಪೈ' ಸಂಗ್ರಹದಲ್ಲಿ ಇದಕ್ಕೆ ಬಹುಕಾಲ 'ಸಿಂಪ್ಸ್' ಎಂಬ ಹೆಸರಿತ್ತು. 2024ರಲ್ಲಿ ಬಂದ 1.14 ಆವೃತ್ತಿಯಲ್ಲಿ ಆ ಹೆಸರನ್ನು ತೆಗೆದುಹಾಕಿ 'ಸಿಂಪ್ಸನ್' ಎಂಬುದನ್ನು ಮಾತ್ರ ಉಳಿಸಲಾಯಿತು. ನಮ್‌ಪೈಯ ಹೊಸ ಆವೃತ್ತಿಯಲ್ಲಿ ಪಟ್ಟಿಯೊಳಗಿನ ಅಂಕಿಯನ್ನು ತೆರೆಯ ಮೇಲೆ ತೋರಿಸುವಾಗ ಅದರ ಮುಂದೆ 'ಎನ್‌ಪಿ ಡಾಟ್ ಫ್ಲೋಟ್64' ಎಂಬ ಚೀಟಿ ಅಂಟಿಕೊಂಡಿರುತ್ತದೆ. ಹಳೆಯ ಕೈಪಿಡಿಯನ್ನು ನೋಡಿ ಅಕ್ಷರಶಃ ಟೈಪಿಸಿದ ವಿದ್ಯಾರ್ಥಿಗೆ ಒಂದು ಕಡೆ ಕೆಂಪು ಅಕ್ಷರದ ದೋಷ ಸೂಚನೆ, ಇನ್ನೊಂದು ಕಡೆ ಪುಸ್ತಕದಲ್ಲಿ ಇಲ್ಲದ ವಿಚಿತ್ರ ಉತ್ತರ. ಗಣಿತ ಸರಿಯಿದೆ, ವಿದ್ಯಾರ್ಥಿಯೂ ತಪ್ಪು ಮಾಡಿಲ್ಲ. ಆದರೂ ತಪ್ಪು ತನ್ನದೇ ಎಂದು ಆತ ಭಾವಿಸುತ್ತಾನೆ. ಇಂಗ್ಲಿಷಿಗೆ ಈಗಷ್ಟೇ ಹೊಂದಿಕೊಳ್ಳುತ್ತಿರುವವನಿಗೆ ಆ ದೋಷ ಸೂಚನೆಯ ಭಾಷೆಯೂ ಅರ್ಥವಾಗುವುದಿಲ್ಲ. ಎರಡು ಗಂಟೆಯ ಪ್ರಯೋಗಾವಧಿ ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ಬದಲಾವಣೆಯೇ ಬೇಡವೆನ್ನುವಂತಿಲ್ಲ. ಕೆಲವು ತಿದ್ದುಪಡಿಗಳು ಅತ್ಯಗತ್ಯವಾಗಿದ್ದವು. 1ರಿಂದ 13ರವರೆಗಿನ ಸಂಖ್ಯೆಗಳ ಗುಣಲಬ್ಧ 6,22,70,20,800. ನಮ್‌ಪೈಯ ಹಳೆಯ ಆವೃತ್ತಿಗೆ ವಿಂಡೋಸ್ ಗಣಕದಲ್ಲಿ ಇದೇ ಲೆಕ್ಕ ಕೊಟ್ಟರೆ 1,93,20,53,504 ಎಂಬ ಉತ್ತರ ಬರುತ್ತಿತ್ತು. ಅದೇ ಆದೇಶಕ್ಕೆ ಲಿನಕ್ಸ್ ಗಣಕ ಸರಿಯುತ್ತರ ಕೊಡುತ್ತಿತ್ತು. ವಿಂಡೋಸ್‌ನಲ್ಲಿ ಪೂರ್ಣಾಂಕಗಳಿಗೆ 32 ಬಿಟ್‌ಗಳ ಜಾಗ ಮೀಸಲಾಗಿದ್ದು, ಅದರಲ್ಲಿ 2,14,74,83,647ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದೆ ಹೊರಚೆಲ್ಲುತ್ತಿದ್ದುದೇ ಇದಕ್ಕೆ ಕಾರಣ. ಹೀಗೆ ಚೆಲ್ಲಿದ್ದಕ್ಕೆ ಯಾವ ಎಚ್ಚರಿಕೆಯೂ ತೆರೆಯ ಮೇಲೆ ಮೂಡುತ್ತಿರಲಿಲ್ಲ. 2.0 ಆವೃತ್ತಿ 64 ಬಿಟ್‌ಗಳ ಜಾಗ ಕೊಟ್ಟು ಈ ಭೇದವನ್ನು ಅಳಿಸಿತು. ಕೆಂಪು ಅಕ್ಷರದ ದೋಷಕ್ಕಿಂತ ಹೀಗೆ ಸದ್ದಿಲ್ಲದೆ ಬರುವ ತಪ್ಪುತ್ತರವೇ ಅಪಾಯಕಾರಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಆದರೆ ಹೊಸದನ್ನು ಪಡೆಯುವ ಹಾದಿ ಎಲ್ಲರಿಗೂ ಸಮನಾಗಿಲ್ಲ. ವಿಂಡೋಸ್ 7 ಇರುವ ಹಳೆಯ ಯಂತ್ರದಲ್ಲಿ ಪೈಥಾನ್ 3.8ರ ಆಚೆಗೆ ಹೋಗಲಾಗದು. ಆ ಪೈಥಾನಿಗೆ ಒಗ್ಗುವ ಕೊನೆಯ ನಮ್‌ಪೈ 1.24. ಅಂದರೆ ಪ್ರಯೋಗಾಲಯದ ಗಣಕಗಳನ್ನು ಬದಲಿಸುವ ಶಕ್ತಿಯಿಲ್ಲದ ಸಂಸ್ಥೆಗೆ ತಿದ್ದಿದ ತಂತ್ರಾಂಶ ಉಚಿತವಾಗಿದ್ದರೂ ಕೈಗೆಟುಕದು. ವಿಂಡೋಸ್ 10ಕ್ಕೆ ಕೂಡ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದ ಎರಡಿದ್ದು, ಅವು ರಾಯಚೂರು ಮತ್ತು ಯಾದಗಿರಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 50.59ರೊಂದಿಗೆ ರಾಜ್ಯದ ಕೊನೆಯ ಸ್ಥಾನ ಯಾದಗಿರಿಯದಾಗಿತ್ತು. ಇಂಥ ಜಿಲ್ಲೆಯಿಂದ ಮೇಲೆದ್ದು ಎಂಜಿನಿಯರಿಂಗ್ ಬಾಗಿಲು ತಲುಪಿದ ವಿದ್ಯಾರ್ಥಿ ಆವೃತ್ತಿಯ ಗೊಂದಲದಲ್ಲಿ ಎಡವುವಂತಾಗಬಾರದು.

ಎರಡನೆಯ ಕಾರಣ ಕಾಲುವೆಯದು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳೇ ಹುಣಸಗಿ, ಸುರಪುರ, ಶಹಾಪುರ ಭಾಗದ ಜೀವನಾಡಿ. ಈ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿ ವೆಚ್ಚ, 10,000 ಕ್ಯೂಸೆಕ್ ಸಾಮರ್ಥ್ಯ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳು ಎಂಬುದು ಸರ್ಕಾರ ಅಂದು ಕೊಟ್ಟ ವಿವರ. ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ, ಹರಿವನ್ನು ಅಳೆಯುವ ಗಣಕ ವ್ಯವಸ್ಥೆಯೂ ಈ ಆಧುನೀಕರಣದ ಭಾಗ. ಯಾವ ವಿತರಣಾ ಕಾಲುವೆಗೆ ಎಷ್ಟು ನೀರು ಎಂಬ ಪ್ರಶ್ನೆಗೆ ಈಗ ಗಣಿತದ ತಂತ್ರಾಂಶವೂ ಉತ್ತರ ಹೇಳುವ ಕಾಲ ಬಂದಿದೆ.

ಆ ಉತ್ತರ ಹೇಗೆ ಹುಟ್ಟುತ್ತದೆಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. ತೆರೆದ ಕಾಲುವೆಯಲ್ಲಿ ಹರಿಯುವ ನೀರನ್ನು ಲೆಕ್ಕ ಹಾಕಲು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ನೀರಿನ ಆಳ ಗೊತ್ತಿದ್ದರೆ ಹರಿವನ್ನು ನೇರವಾಗಿ ಲೆಕ್ಕ ಮಾಡಬಹುದು. ಇಷ್ಟು ಕ್ಯೂಸೆಕ್ ಹರಿಯಬೇಕಾದರೆ ಆಳ ಎಷ್ಟಿರಬೇಕು ಎಂಬ ತಿರುಗುಪ್ರಶ್ನೆಗೆ ಮಾತ್ರ ಅಷ್ಟು ಸಲೀಸಾದ ಉತ್ತರವಿಲ್ಲ. ಮೊದಲೊಂದು ಅಂದಾಜು ಮಾಡಿ, ತಪ್ಪೆಷ್ಟೆಂದು ನೋಡಿ, ತಿದ್ದಿ, ಮತ್ತೆ ನೋಡಬೇಕು. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕಲಿಸುವ ನ್ಯೂಟನ್-ರಾಫ್ಸನ್ ವಿಧಾನದ ಕೆಲಸವೇ ಇದು. ಗೇಟು ಎತ್ತಿದ ಮೇಲೆ ನೀರಿನ ಅಲೆ ಕೆಳಭಾಗಕ್ಕೆ ಎಷ್ಟು ಹೊತ್ತಿಗೆ ತಲುಪೀತೆಂದು ತಿಳಿಯಲು ಫ್ರಾನ್ಸಿನ ಸೇಂಟ್-ವೆನಾಂಟ್ 1871ರಲ್ಲಿ ಬರೆದ ಅವಕಲ ಸಮೀಕರಣಗಳು ಬೇಕು. ಅವುಗಳನ್ನು ಬಿಡಿಸಲು ಕಾಲುವೆಯನ್ನು ಸಣ್ಣ ಸಣ್ಣ ತುಂಡುಗಳಾಗಿ, ಕಾಲವನ್ನು ಸಣ್ಣ ಸಣ್ಣ ಕ್ಷಣಗಳಾಗಿ ಒಡೆದು ಗಣಕಕ್ಕೆ ಒಪ್ಪಿಸಬೇಕಾಗುತ್ತದೆ.

ಈ ಎಲ್ಲ ಲೆಕ್ಕದ ಒಡಲಲ್ಲಿ ಒಂದು ಪುಟ್ಟ ಅಂಕಿಯಿದೆ. ಕಾಲುವೆಯ ತಳ ಮತ್ತು ಬದಿಗಳು ಎಷ್ಟು ಒರಟಾಗಿವೆ ಎಂಬುದನ್ನು ಹೇಳುವ ಗುಣಾಂಕ ಅದು. ನುಣುಪಾದ ಕಾಂಕ್ರೀಟ್ ಕಾಲುವೆಗೆ ಅದು 0.015ರ ಆಸುಪಾಸಿನಲ್ಲಿರುತ್ತದೆ. ಹೂಳು ತುಂಬಿ, ಕಳೆ ಬೆಳೆದು, ಕಲ್ಲುಗಳು ಕಿತ್ತುಬಂದರೆ ಏರುತ್ತದೆ. ಗುಣಾಂಕ 0.015ರಿಂದ 0.020ಕ್ಕೆ ಏರಿದರೆ, ಅದೇ ಆಳದಲ್ಲಿ ಹರಿಯುವ ನೀರು ಕಾಲು ಭಾಗ ಕಡಿಮೆಯಾಗುತ್ತದೆ. ಕಾಗದದ ಮೇಲೆ 10,000 ಕ್ಯೂಸೆಕ್ ಆಗಿರುವುದು ಕಾಲುವೆಯಲ್ಲಿ 7,500 ಆದೀತು. ತಂತ್ರಾಂಶಕ್ಕೆ ಹಳೆಯ ಗುಣಾಂಕವನ್ನೇ ಕೊಟ್ಟಿದ್ದರೆ ಎಲ್ಲ ಹೊಲಗಳಿಗೂ ನೀರು ತಲುಪಿದೆಯೆಂದು ಅದು ನಿಷ್ಠೆಯಿಂದ ವರದಿ ಮಾಡುತ್ತದೆ. ಕಾಲುವೆಯ ಕೊನೆಭಾಗದ ರೈತನ ಹೊಲ ಮಾತ್ರ ಒಣಗಿರುತ್ತದೆ. ವಿಂಡೋಸ್ ಗಣಕದ ಗುಣಲಬ್ಧದ ಹಾಗೆ ಇಲ್ಲಿಯೂ ಯಾವ ಎಚ್ಚರಿಕೆಯೂ ತೆರೆಯ ಮೇಲೆ ಮೂಡದು. ಅಂಥ ತಪ್ಪನ್ನು ಯಾವ ಹೊಸ ಆವೃತ್ತಿಯೂ ತಾನಾಗಿ ತಿದ್ದಲಾರದು. ಕಾಲುವೆಯ ದಂಡೆಗೆ ಹೋಗಿ, ಅಳೆದು, ಅಂಕಿಯನ್ನು ಬದಲಿಸುವ ಮನುಷ್ಯರೇ ಬೇಕು.

ಈ ಭಾಗದಲ್ಲಿ ನೀರಿನ ಜಗಳಗಳು ಹೊಸತಲ್ಲ. ಮೇಲ್ಭಾಗದಲ್ಲಿ ಭತ್ತ, ಕೆಳಭಾಗದಲ್ಲಿ ಬರ ಎಂಬ ದೂರು ವರ್ಷವರ್ಷವೂ ಕೇಳಿಬರುತ್ತದೆ. ಚಾಲು-ಬಂದ್ ಪದ್ಧತಿಯ ದಿನಗಳನ್ನು ಕುರಿತು ಪ್ರತಿ ಹಂಗಾಮಿನಲ್ಲೂ ವಾಗ್ವಾದ ನಡೆಯುತ್ತದೆ. ಇಷ್ಟು ಕಾಲ ಈ ವಾದ ಗೇಟಿನ ಕೆಲಸದವರೊಡನೆಯೋ ಎಂಜಿನಿಯರರೊಡನೆಯೋ ನಡೆಯುತ್ತಿತ್ತು. ಇನ್ನು ಮುಂದೆ 'ಕಂಪ್ಯೂಟರ್ ಹೀಗೆ ಹೇಳುತ್ತದೆ' ಎಂಬ ಉತ್ತರವೂ ಬರಬಹುದು. ಆಗ ಎದುರು ನಿಂತು, ಯಾವ ಗುಣಾಂಕ, ಯಾವ ದಿನದ ಅಳತೆ, ಯಾವ ವಿಧಾನ ಎಂದು ಕೇಳಬಲ್ಲವರು ಅದೇ ಊರುಗಳಲ್ಲಿ ಇರಬೇಕಾಗುತ್ತದೆ. ಗಣಿತದ ಪ್ರಯೋಗಾಲಯದಲ್ಲಿ ಹಾಳಾಗುವ ಎರಡು ಗಂಟೆಗೂ ಕಾಲುವೆಯ ಕೊನೆಯ ಹೊಲಕ್ಕೂ ಇರುವ ಸಂಬಂಧ ಇಲ್ಲಿದೆ.

ಮುಕ್ತ ತಂತ್ರಾಂಶದ ನಿಜವಾದ ಬೆಲೆಯೂ ಇಲ್ಲಿಯೇ ತಿಳಿಯುವುದು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕೆರೆ-ರಸ್ತೆಗಳ ಕೆಲಸ ಮಾಡಿಸುವಾಗ ಲೆಕ್ಕವೆಲ್ಲ ಕಾಗದದ ಮೇಲೇ ನಡೆಯುತ್ತಿತ್ತು. ಬಲ್ಲವರು ಅದನ್ನು ಬಿಡಿಸಿ ಮರುಲೆಕ್ಕ ಹಾಕಬಹುದಿತ್ತು. ಆಕ್ಟೇವ್, ಸೈಲ್ಯಾಬ್, ನಮ್‌ಪೈಗಳ ಒಳಗಣ ಆದೇಶಗಳೂ ಹಾಗೆಯೇ ಯಾರು ಬೇಕಾದರೂ ತೆರೆದು ನೋಡುವಂತಿವೆ. ಹಣ ಉಳಿಯುವುದು ಇದರ ಒಂದು ಲಾಭ ಮಾತ್ರ. ಲೆಕ್ಕವನ್ನು ಪ್ರಶ್ನಿಸುವ ಹಕ್ಕು ಅದಕ್ಕಿಂತ ದೊಡ್ಡದು.

ಆಗಬೇಕಾದ ಕೆಲಸಗಳು ದುಬಾರಿಯವೇನೂ ಅಲ್ಲ. ವಿಶ್ವವಿದ್ಯಾಲಯ ಪಠ್ಯಕ್ರಮದಲ್ಲಿ ತಂತ್ರಾಂಶದ ಹೆಸರಿನೊಡನೆ ಆವೃತ್ತಿಯ ಸಂಖ್ಯೆಯನ್ನೂ ನಮೂದಿಸಿ, ಆ ಶೈಕ್ಷಣಿಕ ವರ್ಷದ ಮಟ್ಟಿಗೆ ಅದನ್ನೇ ಸ್ಥಿರಗೊಳಿಸಬಹುದು. ಅಂತರ್ಜಾಲವಿಲ್ಲದೆ ಅಳವಡಿಸಬಲ್ಲ ಪ್ರತಿಯನ್ನು ಕಲಬುರಗಿಯ ಪ್ರಾದೇಶಿಕ ಕೇಂದ್ರದಿಂದ ಪೆನ್‌ಡ್ರೈವ್‌ನಲ್ಲಿ ಕಾಲೇಜುಗಳಿಗೆ ಹಂಚಬಹುದು. ಪ್ರತಿ ಬೇಸಿಗೆಯಲ್ಲಿ, ಹೊಸ ಆವೃತ್ತಿಯಲ್ಲಿ ಏನು ಬದಲಾಯಿತೆಂದು ತಿಳಿಸುವ ಎರಡು ಪುಟದ ಕನ್ನಡ ಟಿಪ್ಪಣಿ ಹೊರತಂದರೆ ಅಧ್ಯಾಪಕರ ಅರ್ಧ ತೊಂದರೆ ತೀರುತ್ತದೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯ ಕಿರುಪಾಠಗಳು ಕನ್ನಡ ಧ್ವನಿಯಲ್ಲೂ ದೊರೆಯುತ್ತವೆ. ಅವುಗಳನ್ನು ಪ್ರಯೋಗಾಲಯದ ಗಣಕಗಳಲ್ಲಿ ತುಂಬಿಡಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಕನ್ನಡದಲ್ಲಿ ಗಣಿತವೆಂದರೆ ಮೂಗುಮುರಿಯುವವರು ಒಂದು ಸಂಗತಿಯನ್ನು ನೆನೆಯಬಹುದು. ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡ ಅಂದಿನ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ 9ನೇ ಶತಮಾನದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ಸುಮಾರು ಮೂರು ಶತಮಾನಗಳ ನಂತರ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ನಿತ್ಯ ವ್ಯವಹಾರದ ಲೆಕ್ಕ ಜನರ ನುಡಿಯಲ್ಲಿರಬೇಕೆಂಬ ತಿಳಿವು ಈ ನೆಲಕ್ಕೆ ಅಪರಿಚಿತವಲ್ಲ.

ಕೊನೆಯದಾಗಿ ನೀರಾವರಿ ನಿಗಮಕ್ಕೆ ಒಂದು ಮಾತು. ಪ್ರತಿ ಶಾಖಾ ಕಾಲುವೆಯ ಆರಂಭದಲ್ಲಿ ಮತ್ತು ಕೊನೆಯಲ್ಲಿ ದಿನವೂ ಹರಿದ ನೀರಿನ ಅಳತೆಯನ್ನು, ಲೆಕ್ಕಕ್ಕೆ ಬಳಸಿದ ಗುಣಾಂಕದೊಡನೆ, ಸಾರ್ವಜನಿಕರಿಗೆ ತೆರೆದಿಡಬೇಕು. ಸುರಪುರದ ವಿದ್ಯಾರ್ಥಿಗೆ ಅದಕ್ಕಿಂತ ಉತ್ತಮವಾದ ಗಣಿತದ ಪ್ರಯೋಗ ಬೇರೆ ಸಿಗದು. ಮೇಲಿನ ಗೇಟಿನಲ್ಲಿ ಬಿಟ್ಟ ನೀರಿಗೂ ಕೆಳಗೆ ತಲುಪಿದ ನೀರಿಗೂ ಇರುವ ಅಂತರವನ್ನು ಆತ ಉಚಿತ ತಂತ್ರಾಂಶದಲ್ಲೇ ಕಂಡುಹಿಡಿದು ತನ್ನೂರಿನ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಮಂಡಿಸಬಲ್ಲ. ಮುಂದಿನ ಮುಂಗಾರು ಹಂಗಾಮಿಗೆ ನೀರು ಬಿಡುವ ಮೊದಲೇ ಈ ಅಂಕಿಗಳು ಹೊರಬರಲಿ.